ಕೂಸಿನ ಹಣೆಯ ಗೆರೆ

ನಾನು ಅಜ್ಜಿಯಾಗಿದ್ದೇನೆ! ಮಗಳು ಗಿರಿಜಾಗೆ ಹೆಣ್ಣು ಕೂಸು ಹುಟ್ಟಿದೆ. ಹುಟ್ಟಿ ಈಗ ಹಲ್ಲು ಬರುವ ಹೊತ್ತಾದರೂ, ಕಂಡಕಂಡವರಿಗೆಲ್ಲ ಹೇಳುವುದನ್ನು ನಾನು ನಿಲ್ಲಿಸಿಲ್ಲ. ಆ ಖುಷಿಯ ಒಳಗೇ ಒಂದು ಸಿಟ್ಟೂ ಇದೆ. ಎರಡನ್ನೂ ಒಟ್ಟಿಗೇ ಹೇಳಬೇಕು, ಬೇರೆ ಮಾಡಲು ನನಗೆ ಬರುವುದಿಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಆದರೂ ದೃಷ್ಟಿ, ನೆರಳು, ಸೋಕು ಇಂಥದ್ದನ್ನೆಲ್ಲ ಎಂದೂ ನಂಬಿದವಳಲ್ಲ. ಇದನ್ನು ನೆನಪಿಟ್ಟುಕೊಂಡು ಮುಂದೆ ಓದಿ.

ತೇರಗಾಂವದ ನಮ್ಮ ಹೊಲದ ಬಿಸಿಲಿನಲ್ಲೇ ನನ್ನ ಆಯುಷ್ಯ ಕಳೆದಿದೆ. ಮೂಗಿನ ತುದಿಯಲ್ಲೊಂದು ಹುಣ್ಣಾಗಿ, ಮಾಯದೆ ಹೋಯಿತು. ಹುಬ್ಬಳ್ಳಿಯ ಡಾಕ್ಟರು ಅದು ಚರ್ಮದ ಕ್ಯಾನ್ಸರ್ ಎಂದರು. ಯಾರಿಗೂ ಹತ್ತುವುದಿಲ್ಲ, ಕೊಯ್ದು ತೆಗೆದರೆ ಮುಗಿಯಿತು ಎಂದೂ ಹೇಳಿದರು. ಹುಣ್ಣಿನ ಜೊತೆ ಅರ್ಧ ಮೂಗೂ ಹೋಯಿತು. ಹಣೆಯ ಚರ್ಮವನ್ನು ಎಬ್ಬಿಸಿ, ಕೆಳಕ್ಕೆ ತಿರುಗಿಸಿ ಹೊಸ ಮೂಗು ಹೊಲಿದರು. ಅದಕ್ಕೆ ರಕ್ತ ಹರಿಯಲೆಂದು ಆ ಚರ್ಮದ ಒಂದು ತುದಿಯನ್ನು ಕೆಲವು ವಾರ ಹಣೆಗೇ ಅಂಟಿಸಿ, ಸೊಂಡಿಲಿನ ಹಾಗೆ ಬಿಟ್ಟಿದ್ದರು. ನಮ್ಮ ಯಜಮಾನರು "ಗಣಪ್ಪ, ಚಾ ಕುಡೀತೀ ಏನು?" ಎಂದು ನಗಿಸುತ್ತಿದ್ದರು. ಆಗ ಮೂಗು ಮುಟ್ಟಿದರೆ ಹಣೆಗೆ ಮುಟ್ಟಿದ ಹಾಗಾಗುತ್ತಿತ್ತು. ಅದು ಸಹಜ ಎಂದರು ಡಾಕ್ಟರು. ಮುಂದೆ ಆ ಸೊಂಡಿಲನ್ನು ಕತ್ತರಿಸಿದ ಮೇಲೆ ಮೂಗು ಕಟ್ಟಿಗೆಯಂತಾಯಿತು. ಚಿವುಟಿದರೂ ತಿಳಿಯುತ್ತಿರಲಿಲ್ಲ. ಹಣೆಯಲ್ಲಿ ಕೂದಲಂಚಿನಿಂದ ಎಡ ಹುಬ್ಬಿನ ಬುಡಕ್ಕೆ ವಾಲಿದ ಒಂದು ಗೆರೆ ಉಳಿಯಿತು.

ಅದೇ ಹೊತ್ತಿಗೆ ಗಿರಿಜಾ ಬಸುರಿಯಾದಳು. ಮುಂಡಗೋಡದ ನನ್ನ ಬೀಗತಿ ಕಮಲವ್ವ ಫೋನ್ ಮಾಡಿ, "ಬಸುರಿ ಹುಡುಗಿ ಆ ಮುಖಾ ನೋಡಿದ್ರ ಕೂಸಿಗೆ ಗುರುತು ಬರತೈತ್ರಿ. ಬಾಣಂತನ ನಾವ ಮಾಡ್ತೇವಿ" ಎಂದುಬಿಟ್ಟರು. ಚೊಚ್ಚಲ ಹೆರಿಗೆ ತವರಿನಲ್ಲಲ್ಲದೆ ಇನ್ನೆಲ್ಲಿ? ಸೀಮಂತದ ಕುಬಸಕ್ಕೂ ನನ್ನನ್ನು ಕರೆಯಲಿಲ್ಲ. ಅವರ ಸಂಬಂಧಿಕರ ಮದುವೆಗೆ ನಾನು ಬರುತ್ತೇನೆಂದು ಗಿರಿಜಾಳನ್ನು ಕರೆತರಲಿಲ್ಲ; ಅಲ್ಲಿ ನನಗೊಬ್ಬಳಿಗೇ ಮೂಲೆಯಲ್ಲಿ ತಾಟು ಇಡಿಸಿದರು. ಸೆರಗು ಮುಚ್ಚಿಕೊಂಡು ಎರಡು ತುತ್ತು ತಿಂದು ಎದ್ದೆ.

ಕೂಸಿಗೆ ಏನಾದರೂ ಆದರೆ ನನ್ನ ಮೇಲೇ ಬರುತ್ತದಲ್ಲ! ಹಾಗಾಗಿ ವಿಡಿಯೊ ಕಾಲ್ ಬಂದಾಗ ಮೊಬೈಲನ್ನು ಕೊಟ್ಟಿಗೆಯ ಕಡೆ ತಿರುಗಿಸಿ ಮಾತಾಡುತ್ತಿದ್ದೆ. "ಯವ್ವಾ, ಬರೇ ಎಮ್ಮೀ ಮುಖಾನ ತೋರಸ್ತೀಯಲ್ಲ. ನಾ ಯಾರ ಮಗಳು?" ಎಂದು ಗಿರಿಜಾ ನಗುತ್ತಿದ್ದಳು, ಆಮೇಲೆ ಅಳುತ್ತಿದ್ದಳು. ಆಪರೇಷನ್ ಆದ ಮೇಲಿನ ನನ್ನ ಮುಖವನ್ನು ಹೆರಿಗೆಯಾಗುವವರೆಗೆ ಅವಳು ಒಮ್ಮೆಯೂ ನೋಡಲಿಲ್ಲ. ಇದು ಸತ್ಯ.

ಕೂಸು ಆಸ್ಪತ್ರೆಯಿಂದ ಮನೆಗೆ ಬಂದ ದಿನ ಅಳಿಯ ಫೋನ್ ಮಾಡಿ, "ಅವ್ವ ಏನರ ಅನ್ಲಿ ಅತ್ತಿ, ನೀವು ಬರ್ರಿ" ಎಂದ. ಮುಖಕ್ಕೆ ಮಾಸ್ಕ್ ಹಾಕಿ, ಹಣೆಯವರೆಗೆ ಸೆರಗು ಎಳೆದುಕೊಂಡು ಯಜಮಾನರ ಜೊತೆ ಹೋದೆ. ಹೊಸ್ತಿಲಲ್ಲೇ ಕಮಲವ್ವ ಅಡ್ಡ ನಿಂತರು.

"ಫೋನಿನ್ಯಾಗ ಮುಖಾ ತೋರಿಸೀರಲ್ಲ? ಏನಾಗೈತಿ ನೋಡ್ರೀಗ!"

ಅವರ ಕೈಯಲ್ಲಿದ್ದ ಕೂಸಿನ ಹಣೆಯ ಮೇಲೆ ಕೆಂಪು ಗೆರೆಯಿತ್ತು. ಕೂದಲಂಚಿನಿಂದ ಇಳಿದು ಎಡ ಹುಬ್ಬಿನ ಬುಡಕ್ಕೆ ವಾಲಿತ್ತು. ಸೆರಗಿನೊಳಗೆ ಕೈ ಹಾಕಿ ನನ್ನ ಗೆರೆಯನ್ನು ಮುಟ್ಟಿ ನೋಡಿಕೊಂಡೆ. ಎಷ್ಟೋ ಕೂಸುಗಳಿಗೆ ಇಂಥ ಕೆಂಪು ಇರುತ್ತದೆ, ಬೆಳೆಯುತ್ತ ಮಾಸುತ್ತದೆ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರಂತೆ. ಇರಬಹುದು. ಆದರೆ ಅದೇ ಜಾಗದಲ್ಲಿ, ಅದೇ ವಾಲಿಕೆಯಲ್ಲಿ?

ಹೆದರಿಕೆಯ ಹಿಂದೆಯೇ ಸಿಟ್ಟು ಒತ್ತರಿಸಿ ಬಂತು. ಮಾಸ್ಕ್ ಕಿತ್ತೆಸೆದೆ. "ನೀವು ಮುಚ್ಚಿಸಿದ್ದು ನನ್ನ ಮುಖಾನ್ರೀ. ಮುಚ್ಚಿದ್ರೂ ಗೆರಿ ಬಂದೈತಿ. ಇನ್ನ ಏನ ಮುಚ್ಚಲಿ? ಕೊಡ್ರಿ ನನ್ನ ಕೂಸಿನ್ನ!"

ಕೊಟ್ಟರು. ಕೂಸು ಕಿರುಚಿ ಅಳುತ್ತಿತ್ತು; ಅತ್ತಷ್ಟೂ ಗೆರೆ ಕೆಂಪಾಗುತ್ತಿತ್ತು. ಎದೆಗೊತ್ತಿಕೊಂಡು ಬಾಗಿದಾಗ ಅದರ ಕೈ ನನ್ನ ಮೂಗಿನ ಮೇಲೆ ಬಿತ್ತು. ಕಟ್ಟಿಗೆಯಂಥ ಮೂಗು! ಕೈ ಮೂಗಿನ ಮೇಲೇ ಇತ್ತು, ಆದರೆ ನನ್ನ ಹಣೆಯ ಮೇಲೆ, ಆ ಗೆರೆಯ ಉದ್ದಕ್ಕೂ, ಪುಟ್ಟ ಬೆರಳುಗಳು ಬಿಸಿಬಿಸಿಯಾಗಿ ಹರಿದಾಡಿದವು. ಕೂಸು ಗಪ್ಪನೆ ಸುಮ್ಮನಾಯಿತು.

ಒಳಗೆ ನಿಂತಿದ್ದ ಗಿರಿಜಾ ನನ್ನನ್ನೇ ನೋಡುತ್ತಿದ್ದಳು. "ಮೂಗು ಜರಾ ದಪ್ಪ ಆಗೇತಿ ಯವ್ವಾ" ಎಂದು ಕಣ್ಣೊರೆಸಿಕೊಂಡಳು.

ಆಮೇಲೆ ನಾನೇ ಎಷ್ಟೋ ಸಲ ಮೂಗು ಮುಟ್ಟಿ ನೋಡಿದೆ. ಏನೂ ತಿಳಿಯುವುದಿಲ್ಲ. ಡಾಕ್ಟರನ್ನು ಕೇಳಿದರೆ, ನರ ಕತ್ತರಿಸಿದ ಮೇಲೆ ಹಾಗಾಗಬಾರದು ಎಂದು ಅವರೂ ತಲೆ ಕೆರೆದುಕೊಂಡರು. ಕೂಸಿನ ಗೆರೆ ಈಗ ಮಾಸುತ್ತಿದೆ. ಅಂದು ನನ್ನ ಹಣೆಯನ್ನು ಮುಟ್ಟಿದ್ದು ಏನೆಂದು ಇಂದಿಗೂ ಹೇಳಲಾರೆ. ದೃಷ್ಟಿ, ನೆರಳನ್ನು ಈಗಲೂ ನಂಬುವುದಿಲ್ಲ. ನಂಬದೆಯೂ ಆದದ್ದನ್ನು ಬರೆದಿದ್ದೇನೆ.

ಅಂದು ಸಂಜೆ ಎಲ್ಲರೂ ಒಂದೇ ಸಾಲಿನಲ್ಲಿ ಊಟಕ್ಕೆ ಕೂತೆವು. ಕೂಸು ನನ್ನ ತೊಡೆಯ ಮೇಲೆ ಮಲಗಿತ್ತು. ಸೆರಗು ಹೆಗಲ ಮೇಲಿತ್ತು. ಕಮಲವ್ವ ತಲೆ ತಗ್ಗಿಸಿಕೊಂಡೇ ಗೋದಿ ಹುಗ್ಗಿ ಬಡಿಸಿ ಮುಂದೆ ಹೊರಟರು.

"ಬೀಗರ, ಇನ್ನಷ್ಟು ಹಾಕ್ರಿ" ಎಂದೆ.

ಆಗ ಅವರು ನನ್ನ ಮುಖ ನೋಡಲೇಬೇಕಾಯಿತು. ನೋಡಿದರು. ಹುಗ್ಗಿ ಹಾಕಿ, ಮೇಲೆ ತುಪ್ಪವನ್ನೂ ಹಾಕಿದರು. ನಾನು ಹೊಟ್ಟೆ ತುಂಬ ಉಂಡೆ.