ಎದುರು ಮನೆಯ ಯಂತ್ರಕ್ಕೆ ಮಾತು ಮರಳಿದ್ದು

ಹೋದ ರಜೆಯಲ್ಲಿ ನೀವಿಬ್ಬರೂ ಕೇಳಿದಿರಿ, ಅಜ್ಜಿಗೆ ಕಂಪ್ಯೂಟರಿನ ಕಪ್ಪು ಪರದೆಯ ವಿಷಯ ಹೇಗೆ ಗೊತ್ತು ಎಂದು. ನಾನು ಉತ್ತರ ಕೊಡದೆ ಎದ್ದು ಒಳಗೆ ಹೋಗಿ ಹಾಲು ಕಾಯಿಸಿದೆ. ಎದುರಿಗೆ ಕೂತು ಹೇಳುವುದು ನನಗೆ ಬಾರದು. ಚಿಕ್ಕವಳಿದ್ದಾಗ ಮೇಷ್ಟ್ರು ಪದ್ಯ ಒಪ್ಪಿಸು ಎಂದರೂ ಹೀಗೇ ಎದ್ದು ಹೊರಗೆ ಓಡುತ್ತಿದ್ದೆ. ಬರೆದರೆ ಆ ತೊಂದರೆ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಎದುರು ಮನೆಯ ಹುಡುಗಿ ನಿಮಗೆ ಗೊತ್ತು. ಹುಟ್ಟಿನಿಂದ ಕಣ್ಣು ಕಾಣದವಳು. ಆಗ ತರೀಕೆರೆಯ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದಳು. ನಮ್ಮ ಅಜ್ಜಂಪುರದಲ್ಲಿ ಅವಳ ಅವ್ವ ಬಸ್ಸು ಹತ್ತಿಸಿದರೆ ತರೀಕೆರೆಯಲ್ಲಿ ಗೆಳತಿಯೊಬ್ಬಳು ಇಳಿಸಿಕೊಳ್ಳುತ್ತಿದ್ದಳು. ಅವಳ ಹತ್ತಿರ ಒಂದು ಹಳೆಯ ಲ್ಯಾಪ್‌ಟಾಪ್ ಇತ್ತು. ಅದರಲ್ಲಿ ಅವಳೇ ಲಿನಕ್ಸ್ ಹಾಕಿಕೊಂಡಿದ್ದಳು. ಅದು ಬೆಲೆಯಿಲ್ಲದೆ ಸಿಗುತ್ತದೆ, ಅದರ ಒಳಗನ್ನು ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಬಹುದು ಎಂದು ಅವಳೇ ನನಗೆ ಹೇಳಿಕೊಟ್ಟಳು. ಪರದೆಯ ಮೇಲಿದ್ದುದನ್ನೆಲ್ಲ ಆ ಯಂತ್ರ ಗಟ್ಟಿಯಾಗಿ ಓದಿ ಹೇಳುತ್ತಿತ್ತು. ನೆಗಡಿಯಾದ ಗಂಡಸಿನ ದನಿ. ಬೀದಿಗೆಲ್ಲ ಕೇಳುತ್ತಿತ್ತು. ಅವಳ ಅವ್ವ ಅದಕ್ಕೆ ಅಳಿಯ ಎಂದು ಹೆಸರಿಟ್ಟಿದ್ದಳು. ಬೆಳಿಗ್ಗೆ ಬಾಗಿಲಿಗೆ ನೀರು ಹಾಕುತ್ತಾ, "ನಮ್ಮಳಿಯ ಎದ್ದ ನೋಡ್ರವ್ವ, ಇನ್ನು ಬಾಯಿ ಮುಚ್ಚಲ್ಲ" ಎನ್ನುತ್ತಿದ್ದಳು.

ಕೊನೆಯ ವರ್ಷಕ್ಕೆ ಹಿಂದಿನ ಪರೀಕ್ಷೆಗಳಲ್ಲಿ ಇವಳು ಹೇಳುವುದು, ಪಕ್ಕದಲ್ಲಿ ಕೂತ ಬೇರೊಬ್ಬರು ಬರೆಯುವುದು ನಡೆದಿತ್ತು. ಕಣ್ಣಿಲ್ಲದವರಿಗೆ ಹಾಗೊಂದು ಅನುಕೂಲವಿದೆ. ಆದರೆ ಹೇಳಿದ್ದನ್ನೇ ಬರೆದರೋ ಇಲ್ಲವೋ ಇವಳು ಓದಿ ನೋಡುವಂತಿರಲಿಲ್ಲ. ಒಮ್ಮೆ ಉದ್ದದ ಉತ್ತರ ಹೇಳಿ ಮುಗಿಸಿದಾಗ ಪೆನ್ನಿನ ಸದ್ದು ಬಹಳ ಹೊತ್ತಿನ ಹಿಂದೆಯೇ ನಿಂತಿತ್ತಂತೆ. ಅದಕ್ಕಾಗಿ ಈ ಸಲ ತನ್ನ ಯಂತ್ರದಲ್ಲಿ ತಾನೇ ಬರೆಯುತ್ತೇನೆ ಎಂದು ಕಾಲೇಜಿನವರ ಹಿಂದೆ ಓಡಾಡಿ ಅನುಮತಿ ತಂದಳು. ಪರೀಕ್ಷೆಗೆ ಮೊದಲು ಒಂದು ಶನಿವಾರ ಯಂತ್ರವನ್ನು ತಂದು ತೋರಿಸಬೇಕು, ಅದು ಓದುವುದು ಮೇಲ್ವಿಚಾರಕರಿಗೂ ಕೇಳಬೇಕು, ಹೊರಗಿನ ಇನ್ಯಾವ ಸಾಧನವನ್ನೂ ಅದಕ್ಕೆ ಜೋಡಿಸಬಾರದು. ಆ ದಿನ ಅದು ಸರಿಯಾಗಿ ನಡೆಯದಿದ್ದರೆ ಮತ್ತೆ ಬರೆಯುವವರನ್ನೇ ಕೊಡುತ್ತೇವೆ ಎಂದಿದ್ದರು. ಅದರಲ್ಲಿ ತಪ್ಪೇನೂ ಇರಲಿಲ್ಲ.

ಅನುಮತಿ ಸಿಕ್ಕ ಖುಷಿಗೆ ಅವಳ ಅವ್ವ ಆ ಶನಿವಾರಕ್ಕೆ ಮೊದಲಿನ ಸೋಮವಾರ ಸಂಜೆ ಮನೆಯಲ್ಲಿ ಪೂಜೆ ಇಟ್ಟುಕೊಂಡಳು. ಬೀದಿಯ ಹೆಂಗಸರನ್ನೆಲ್ಲ ಕರೆದಳು. ಹುಡುಗಿಯನ್ನು ಮಣೆಯ ಮೇಲೆ ಕೂರಿಸಿ, ಯಂತ್ರವನ್ನು ಅವಳ ತೊಡೆಯ ಮೇಲಿಟ್ಟು, ಇಬ್ಬರಿಗೂ ವಿಭೂತಿ ಹಚ್ಚಿದಳು. ಒಬ್ಬೊಬ್ಬರೇ ಹೋಗಿ ಅಕ್ಷತೆ ಹಾಕಿ ಹರಸಿದರು. ನಿಮ್ಮಜ್ಜ ಹೋದ ಮೇಲೆ ಇಂಥ ಕಡೆ ನಾನು ಬಾಗಿಲ ಹತ್ತಿರವೇ ನಿಲ್ಲುವವಳು. ಬೇಡ ಎಂದು ಯಾರೂ ಅಂದಿರಲಿಲ್ಲ, ಬಾ ಎಂದೂ ಅಂದಿರಲಿಲ್ಲ. ಆ ಹುಡುಗಿ ಮುಖ ಎತ್ತಿ, "ಎದುರು ಮನೆ ಅಜ್ಜಿ ಇನ್ನೂ ಹಾಕ್ಲಿಲ್ಲ" ಎಂದಳು. ಯಾರು ಹಾಕಿದರು, ಯಾರು ಬಿಟ್ಟರು ಎನ್ನುವುದು ಅವಳಿಗೆ ಹೇಗೆ ತಿಳಿಯಿತೋ. ನಾನು ಮುಂದೆ ಹೋಗಲು ನಾಚಿ, ನಿಂತಲ್ಲಿಂದಲೇ ನಾಲ್ಕು ಕಾಳು ಎಸೆದೆ.

ಆ ದಿನ ಮಧ್ಯಾಹ್ನ ಅವಳು ಯಂತ್ರಕ್ಕೆ ಅಪ್‌ಡೇಟ್ ಹಾಕಿ ಮುಚ್ಚಿಟ್ಟಿದ್ದಳು. ಅಪ್‌ಡೇಟ್ ಎಂದರೆ ಅದನ್ನು ಬರೆದವರು ಹಳೆಯ ತಪ್ಪುಗಳನ್ನು ತಿದ್ದಿ ಕಳಿಸುವ ಹೊಸ ಭಾಗಗಳು. ಪೂಜೆ ಮುಗಿದು ಎಲ್ಲರೂ ಹೋದ ಮೇಲೆ ತೆರೆದರೆ ಅದು ಮಾತಾಡಲಿಲ್ಲ. ಹೆಡ್‌ಫೋನ್ ಹಾಕಿ ನೋಡಿದಳಂತೆ, ಅದೂ ಸರಿಯಾಗಿ ಕೂರಲಿಲ್ಲ, ಅದರಲ್ಲೂ ದನಿ ಇಲ್ಲ. "ಅಳಿಯ ಮುನಿಸ್ಕೊಂಡವ್ನೆ" ಎಂದು ಅವ್ವ ನಕ್ಕಳು. ಮಗಳು ನಗಲಿಲ್ಲ.

ಮರುದಿನ ಬೆಳಿಗ್ಗೆ ನಲ್ಲಿಯ ಹತ್ತಿರ ಸುದ್ದಿ ಹಬ್ಬಿತ್ತು. ನಮ್ಮ ಬೀದಿಯ ಹಿರಿಯಳೊಬ್ಬಳು ಕೊಡ ತೊಳೆಯುತ್ತಾ, "ಯಾರ್ಯಾರ ಕೈಲೋ ಅಕ್ಷತೆ ಹಾಕ್ಸುದ್ರೆ ಇನ್ನೇನಾಯ್ತದೆ" ಎಂದಳು. ನನ್ನ ಕಡೆ ನೋಡಲಿಲ್ಲ. ನಾನು ಅರ್ಧ ತುಂಬಿದ ಕೊಡವನ್ನೇ ಎತ್ತಿಕೊಂಡು ಬಂದೆ.

ಅದೇ ಹೊತ್ತಿಗೆ ಹುಡುಗಿ ಬೀದಿ ದಾಟಿ ನಮ್ಮ ಜಗಲಿಗೆ ಬಂದಳು. ಯಂತ್ರವನ್ನು ಎದೆಗೆ ಅವುಚಿಕೊಂಡಿದ್ದಳು.

"ಅಜ್ಜಿ, ನಿಂಗೆ ಇಂಗ್ಲಿಷ್ ಅಕ್ಷರ ಗೊತ್ತಲ್ವಾ?"

ಹಿರೇನಲ್ಲೂರಿನ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು ನಾನು. "ಅಕ್ಷರ ಗೊತ್ತು ಕಣೇ, ಅರ್ಥ ಗೊತ್ತಿಲ್ಲ" ಎಂದೆ.

"ಅರ್ಥ ನಾನ್ ನೋಡ್ಕೋತೀನಿ. ನೀನು ಕಂಡಿದ್ದನ್ನ ಕಂಡಂಗೆ ಓದು, ಸಾಕು."

ಅವಳ ಫೋನೂ ಓದುತ್ತದೆ, ಆದರೆ ಯಂತ್ರಕ್ಕೆ ಅಪ್ಪಣೆ ಬರೆದು ಉತ್ತರ ಪಡೆಯುವ ಆ ಕಪ್ಪು ಪರದೆಯ ಚಿತ್ರ ತೆಗೆದು ಕೊಟ್ಟರೆ ಆ ಸಣ್ಣ ಅಕ್ಷರ ಫೋನಿಗೆ ದಕ್ಕಲಿಲ್ಲ. ಅವಳ ಅವ್ವನಿಗೆ ಕನ್ನಡ ಅಕ್ಷರವೂ ಬಾರದು. ಹಾಗಾಗಿ ನಾನು ಕೂತೆ. ನಲ್ಲಿಯ ಮಾತು ಕಿವಿಯಲ್ಲೇ ಇತ್ತು. ಈ ಯಂತ್ರಕ್ಕೆ ಏನಾಗಿದೆ ಎಂದು ನೋಡದೆ ಏಳುವುದಿಲ್ಲ ಎಂದು ಅಲ್ಲೇ ನಿಶ್ಚಯಿಸಿಕೊಂಡೆ.

ಅವಳ ಬೆರಳು ಕೀಲಿಗಳ ಮೇಲೆ ಓಡುತ್ತಿತ್ತು. ಮೊರದಲ್ಲಿ ರಾಗಿ ಕೇರುವಾಗ ನೋಡದೆಯೇ ಕೈ ಆಡುತ್ತದಲ್ಲ, ಹಾಗೆ. ಪರದೆಯ ಮೇಲೆ ಸಾಲುಗಳು ಸುರಿದರೆ ನಾನು ಬೆರಳಿಟ್ಟು ಒಂದೊಂದೇ ಅಕ್ಷರ ಹೇಳುತ್ತಿದ್ದೆ. ಪಿ, ಯು, ಎಲ್, ಎಸ್, ಇ. ಅವಳು ತಲೆಯಾಡಿಸಿ, ಮುಂದೆ, ಮುಂದೆ ಎನ್ನುತ್ತಿದ್ದಳು. ನನಗೆ ಒಂದು ಪದವೂ ತಿಳಿಯುತ್ತಿರಲಿಲ್ಲ. ಬೇಸರವಾಗಿ ಒಂದು ಸಾಲು ಹಾರಿಸಿದೆ. ಅವಳಿಗೆ ಗೊತ್ತಾಗಿಬಿಟ್ಟಿತು. "ಅಜ್ಜಿ, ಬರ್ಯೋರು ಹಿಂಗೇ ಮಾಡ್ತಿದ್ರು" ಎಂದಳು, ಸಿಟ್ಟಿಲ್ಲದೆ. ಆಮೇಲೆ ನಾನು ಒಂದು ಚುಕ್ಕೆಯನ್ನೂ ಬಿಡಲಿಲ್ಲ.

ದನಿ ಹೆಚ್ಚು ಕಡಿಮೆ ಮಾಡುವ ಒಂದು ಪರದೆ ತೆರೆದಳು. ಅದರಲ್ಲಿ ಗೋಡೆಗೆ ಒರಗಿಸಿದ ಒನಕೆಗಳ ಹಾಗೆ ಕಂಬಗಳು. ಸ್ಪೀಕರ್ ಎಂದು ಬರೆದ ಕಂಬದ ಬುಡದಲ್ಲಿ ಎಂ ಎಂ ಎಂದಿತ್ತು. ಹಾಗಿದ್ದರೆ ಬಾಯಿ ಕಟ್ಟಿದೆ ಎಂದರ್ಥವಂತೆ. ಒಂದು ಕೀಲಿ ಒತ್ತಿ ಬಿಡಿಸಿದಳು. ನನಗೆ ಸಂಭ್ರಮವಾಯಿತು. ಆದರೆ ದನಿ ಬರಲಿಲ್ಲ. ಯಂತ್ರ ನಿಲ್ಲಿಸಿ ಮತ್ತೆ ಹೊತ್ತಿಸಿದರೆ ಎಂ ಎಂ ತಿರುಗಿ ಬಂದು ಕೂತಿತ್ತು. ಮತ್ತೆ ಬಿಡಿಸಿದಳು, ಮತ್ತೆ ಬಂತು.

"ನಾವು ತೆಗ್ದಿದ್ ಬಾಗ್ಲನ್ನ ಒಳಗಿಂದ ಯಾರೋ ಹಾಕ್ತಾವ್ರೆ" ಎಂದು ಅವಳು ತನಗೆ ತಾನೇ ಹೇಳಿಕೊಂಡಳು.

ಅವಳಿಗೆ ಅನುಮಾನ ಇದ್ದದ್ದು ಅಪ್‌ಡೇಟ್ ಮೇಲೆ. ಆ ದಿನ ನಡೆದ ಹೊಸ ವಿಷಯ ಅದೊಂದೇ ಎಂದು ಇಬ್ಬರೂ ತಿಳಿದಿದ್ದೆವು. ಬುಧವಾರ ಕಾಲೇಜು ತಪ್ಪಿಸಿ, ನನ್ನನ್ನು ಕರೆದುಕೊಂಡು ಕಡೂರಿಗೆ ಹೊರಟಳು. ಅಲ್ಲಿ ಒಂದು ರಿಪೇರಿ ಅಂಗಡಿ. ಅಂಗಡಿಯವನು ಒಳ್ಳೆಯ ಹುಡುಗ, ನಮಗೆ ಕುರ್ಚಿ ಕೊಟ್ಟು ಕೂರಿಸಿದ. ತೆರೆದಿಟ್ಟ ಯಂತ್ರಗಳು ಅವನ ಮೇಜಿನ ತುಂಬ ಇದ್ದವು. ನೋಡಿ, ಸ್ಪೀಕರ್ ಹೋಗಿರಬಹುದು, ಸಾಮಾನು ತರಿಸಬೇಕು, ಬರುವುದು ಮುಂದಿನ ವಾರವೇ ಎಂದ. ಇಲ್ಲವಾದರೆ ಈ ಲಿನಕ್ಸ್ ತೆಗೆದು ಬೇರೆ ಹಾಕಿಕೊಡುತ್ತೇನೆ, ದನಿ ಬಂದರೂ ಬರಬಹುದು ಎಂದ. ಹುಡುಗಿ ಬೇಡ ಎಂದಳು. ಆ ದನಿಗೆ ಯಾವ ಪದವನ್ನು ಹೇಗೆ ಉಚ್ಚರಿಸಬೇಕೆಂದು ಅವಳು ವರ್ಷಗಟ್ಟಲೆ ಕೂತು ಕಲಿಸಿದ್ದಳು. ಹೊಸ ವ್ಯವಸ್ಥೆ ಶನಿವಾರದೊಳಗೆ ಅವಳ ಕೈಗೆ ಒಗ್ಗುವುದು ಆಗದ ಮಾತು.

ತಿರುಗಿ ಬರುವ ಬಸ್ಸಿನಲ್ಲಿ ನಾನು ಸಮಾಧಾನ ಮಾಡಲು ಹೋದೆ. ಬರೆಯುವವರನ್ನು ಕೊಡುತ್ತಾರಲ್ಲ, ಈ ಒಂದು ಸಲ ಹಾಗೆ ಕಳೆದುಬಿಡು ಎಂದೆ. ಅವಳು ಕಿಟಕಿಯ ಗಾಳಿಗೆ ಮುಖ ಕೊಟ್ಟು ಕೂತಿದ್ದಳು. ಹಾಗೇ ಹೇಳಿದಳು:

"ನಾನ್ ಬರ್ದಿದ್ದು ತಪ್ಪಾದ್ರೂ ನಂದೇ ತಪ್ಪಾಗ್ಬೇಕು ಅಜ್ಜಿ."

ಮಕ್ಕಳೇ, ನನಗೆ ಅರವತ್ತು ದಾಟಿತ್ತು. ನನ್ನದೇ ಎಂದು ಒಂದು ತಪ್ಪು ಮಾಡುವ ಅವಕಾಶವನ್ನು ನಾನು ಯಾವತ್ತೂ ಕೇಳಿ ಪಡೆದವಳಲ್ಲ. ಊರು ಬಂದಾಗ, ಮನೆಗೆ ಹೋಗುವುದು ಬೇಡ, ನಮ್ಮ ಜಗಲಿಗೇ ಬಾ, ಮತ್ತೆ ಮೊದಲಿಂದ ನೋಡೋಣ ಎಂದೆ.

ಆಗ ಅವಳಿಗೆ ಒಂದು ದಾರಿ ಹೊಳೆಯಿತು. ಅಪ್‌ಡೇಟ್ ಹಾಕಿದರೂ ಆ ವ್ಯವಸ್ಥೆ ತನ್ನ ಹಳೆಯ ಕರ್ನಲನ್ನು ಬಿಸಾಡುವುದಿಲ್ಲವಂತೆ. ಕರ್ನಲ್ ಎಂದರೆ ಅದರ ತಿರುಳು. ಯಂತ್ರ ಹೊತ್ತಿಕೊಳ್ಳುವಾಗ ಒಂದು ಕೀಲಿ ಒತ್ತಿ ಹಿಡಿದರೆ ಹಳೆಯದು ಬೇಕೋ ಹೊಸದು ಬೇಕೋ ಎಂದು ಕೇಳುತ್ತದೆ. ಆದರೆ ಅಲ್ಲಿ ಓದಿ ಹೇಳುವ ದನಿ ಇನ್ನೂ ಎದ್ದಿರುವುದಿಲ್ಲ, ಆದ್ದರಿಂದ ಅದು ಕಣ್ಣಿದ್ದವರಿಗೆ ಮಾತ್ರದ ಜಾಗ. ಆ ಪರದೆ ಬಂದು ಹೋಗುವುದು ಕಣ್ಣು ಮಿಟುಕಿಸಿದಷ್ಟು ಹೊತ್ತು. ಮೊದಲ ಸಲ ನಾನು ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ಹೋಯಿತು. ಇನ್ನೊಂದು ಸಲ ಬೇರೇನೋ ಒತ್ತಿದೆ. ಕೊನೆಗೂ ಹಿಡಿದೆ. ಹಳೆಯ ಅಂಕಿ ಇದ್ದ ಸಾಲಿಗೆ ಇಳಿದು ಒತ್ತಿದೆ. ಯಂತ್ರ ಎದ್ದಿತು, ಮಾತಾಡಲಿಲ್ಲ.

ಸೋತೆವು ಎಂದು ನಾನು ಅಂದುಕೊಂಡೆ. ಅವಳು ಮಾತ್ರ ಗೆಲುವಾದಳು. ಹಳೆಯದರಲ್ಲೂ ದನಿ ಇಲ್ಲ ಎಂದರೆ ತಪ್ಪು ಅಪ್‌ಡೇಟಿನದಲ್ಲ, ಒಂದು ಅನುಮಾನ ತೀರಿತು ಎಂದಳು. ಯಗಟಿಯ ನಮ್ಮಣ್ಣ ಮಂದೆಯಲ್ಲಿ ಕೆಮ್ಮುವ ಕುರಿ ಯಾವುದೆಂದು ತಿಳಿಯದಿದ್ದರೆ ಅರ್ಧ ಮಂದೆಯನ್ನು ಬೇರೆ ರೊಪ್ಪಕ್ಕೆ ಹೊಡೆದು ಕಿವಿಗೊಡುತ್ತಿದ್ದುದು ನೆನಪಾಯಿತು. ಕುರಿ ಸಿಗದಿದ್ದರೂ ಅರ್ಧ ಮಂದೆ ಚೆನ್ನಾಗಿದೆ ಎಂದು ತಿಳಿದಂತಾಯಿತಲ್ಲ. ಅವಳಿಗೆ ಹೇಳಿದೆ. "ಇದೂ ಅದೇ ಕಣಜ್ಜಿ" ಎಂದು ನಕ್ಕಳು.

ಅವಳು ಫೋನಿನಲ್ಲಿ ಲಿನಕ್ಸ್ ಬಳಸುವವರ ಒಂದು ಕೂಟಕ್ಕೆ ಕನ್ನಡದಲ್ಲೇ ಬರೆದು ಹಾಕಿದಳು. ನಾವು ಏನೇನು ಮಾಡಿದೆವು, ಏನಾಯಿತು, ಎಲ್ಲ. ಗುರುವಾರ ಬೆಳಿಗ್ಗೆ ಉತ್ತರ ಬಂತು. ಗಂಡೋ ಹೆಣ್ಣೋ, ಯಾವ ಊರೋ, ನಮಗೆ ಗೊತ್ತಿಲ್ಲ. ಒಂದೇ ಪ್ರಶ್ನೆ ಕೇಳಿದ್ದರು: ಹೆಡ್‌ಫೋನ್ ಸಿಕ್ಕಿಸಿದೆಯೇ ಎಂಬುದಕ್ಕೆ ಯಂತ್ರ ಏನು ಹೇಳುತ್ತದೆ, ನೋಡಿ. ನೋಡುವ ಬಗೆಯನ್ನೂ ಬರೆದಿದ್ದರು.

ಹುಡುಗಿ ಹಾಗೆಯೇ ಟೈಪು ಮಾಡಿದಳು. ಪರದೆ ತುಂಬ ಸಾಲುಗಳು. ನಾನು ಮೇಲಿನಿಂದ ಓದುತ್ತಾ ಬಂದೆ. ಹೆಡ್‌ಫೋನ್ ಜ್ಯಾಕ್ ಎಂಬ ಸಾಲು ಬಂತು. ಅದರ ಕೆಳಗೆ ಓ, ಎನ್.

"ಆನ್ ಅಂತನಾ? ಇನ್ನೊಂದ್ಸಲ ನೋಡು."

"ಓ, ಎನ್. ಎರಡೇ ಅಕ್ಷರ."

"ಏನೂ ಸಿಕ್ಸಿಲ್ವಲ್ಲಜ್ಜಿ!"

ಹೆಡ್‌ಫೋನ್ ಇದೆ ಎಂದು ಯಂತ್ರ ನಂಬಿತ್ತು. ಅದಕ್ಕೇ ಸ್ಪೀಕರಿನ ಬಾಯಿ ತಾನೇ ಕಟ್ಟುತ್ತಿತ್ತು. ಯಂತ್ರ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು. ನಾನು ಬ್ಯಾಟರಿ ದೀಪ ತಂದು ಯಂತ್ರದ ಪಕ್ಕದಲ್ಲಿದ್ದ ಆ ಸಣ್ಣ ತೂತಿಗೆ ಹಿಡಿದೆ. ಒಳಗೆ ಏನೋ ಹಳದಿಯಾಗಿ ಕಂಡಿತು. ನೋಡಿದ ಕೂಡಲೇ ನನಗೆ ತಿಳಿಯಿತು.

"ಏನಜ್ಜಿ?" ಎಂದಳು.

ಒಂದು ಗಳಿಗೆ ಹೇಳಬಾರದು ಅನ್ನಿಸಿತು. ಆದರೆ ಕಂಡದ್ದನ್ನು ಕಂಡಂತೆ ಹೇಳುವ ಕರಾರು ಆಗಿತ್ತು ನಮ್ಮದು. "ಅಕ್ಷತೆ ಕಾಳು" ಎಂದೆ.

ಅವಳು ಯಂತ್ರ ಆರಿಸಿ ಬ್ಯಾಟರಿ ಬಿಚ್ಚಿದಳು. ನಾನು ಒಳಗಿಂದ ಕ್ರೋಶಾ ಕಡ್ಡಿ ತಂದೆ. ನಿಮ್ಮ ತೊಟ್ಟಿಲಿನ ಹೊದಿಕೆ ಹೆಣೆದ ಕಡ್ಡಿಯೇ. ತುದಿಯ ಕೊಕ್ಕೆ ಒಳಗೆ ಬಿಟ್ಟು, ಉಸಿರು ಹಿಡಿದು, ಗೋಡೆಗೆ ತಾಗಿಸದಂತೆ ತಿರುಗಿಸಿದೆ. ತುಪ್ಪ ಅರಿಶಿನದ ಜಿಗುಟಿಗೆ ಅದು ಅಂಟಿಕೊಂಡಿತ್ತು. ಹೆಡ್‌ಫೋನ್ ಒತ್ತಿದ್ದಕ್ಕೆ ಇನ್ನಷ್ಟು ಒಳಗೆ ಹೋಗಿತ್ತು. ಮೊದಲು ಒಂದು ನುಚ್ಚು ಬಂತು. ಬಹಳ ಹೊತ್ತಿನ ಮೇಲೆ ಉಳಿದದ್ದೂ ಬಂತು. ಅವಳು ಅಂಗೈ ಚಾಚಿದಳು, ಅದರ ಮೇಲಿಟ್ಟೆ.

"ಆವತ್ತು ದೂರದಿಂದ ಎಸೆದವಳು ನಾನೊಬ್ಬಳೇ" ಎಂದೆ.

ಅವಳು ಕಾಳನ್ನು ಬೆರಳಲ್ಲಿ ಉರುಳಿಸಿ ನೋಡಿದಳು. "ಇದ್ರ ಮೇಲೆ ಯಾರ್ ಹೆಸ್ರೂ ಇಲ್ಲ ಬಿಡು. ಹಾಕಿದ್ದು ಹರಸಕ್ಕೆ ತಾನೆ" ಎಂದು ಬಾಯಿಗೆ ಹಾಕಿಕೊಂಡು ಅಗಿದುಬಿಟ್ಟಳು.

ಬ್ಯಾಟರಿ ಹಾಕಿ ಹೊತ್ತಿಸಿದಳು. ನೆಗಡಿಯ ದನಿ ಜಗಲಿಯ ಮೇಲೆ ಗಟ್ಟಿಯಾಗಿ ಓದತೊಡಗಿತು. ಎದುರು ಮನೆಯಿಂದ ಅವಳ ಅವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಓಡಿಬಂದಳು. "ಬಂದ್ನಾ ನಮ್ಮಳಿಯ!" ಎಂದವಳೇ ಬಾಗಿಲಿಗೆ ಒರಗಿ ಅತ್ತಳು. ಕೂಟದವರಿಗೆ ಉತ್ತರವನ್ನು ನಾನೇ ಹೇಳಿ ಬರೆಸಿದೆ, ಮುಂದೆ ಬೇರೆ ಯಾರಿಗಾದರೂ ಬೇಕಾದೀತು ಎಂದು: ತೂತಿನಲ್ಲಿ ಅಕ್ಷತೆ ಇತ್ತು, ತೆಗೆದೆವು, ಸರಿಯಾಯಿತು. ಗುರುತಿಲ್ಲದವರಿಗೆ ನಾನು ಹೇಳಿದ ಮೊದಲ ಮಾತು ಅದೇ ಇರಬೇಕು.

ಶನಿವಾರ ಯಂತ್ರ ಕಾಲೇಜಿನಲ್ಲಿ ಚೆನ್ನಾಗಿ ಓದಿತು, ಅನುಮತಿ ಉಳಿಯಿತು. ಪರೀಕ್ಷೆಯ ಮೊದಲ ದಿನ ಬೆಳಿಗ್ಗೆ ಬಸ್ಸಿಗೆ ಹೊರಡುವ ಮುಂಚೆ ಅವಳ ಅವ್ವ ಮತ್ತೆ ಅಕ್ಷತೆಯ ತಟ್ಟೆ ಹಿಡಿದು ಅವರ ಮನೆಯ ಬಾಗಿಲಿಗೆ ಬಂದಳು. ನಲ್ಲಿಯ ಹತ್ತಿರ ಮಾತಾಡಿದ ಆ ಹಿರಿಯಳೂ ಇದ್ದಳು. ಹುಡುಗಿ ಮೊದಲು ಯಂತ್ರವನ್ನು ಚೀಲದೊಳಗಿಟ್ಟು ಜಿಪ್ ಎಳೆದಳು, ಎಳೆದದ್ದು ಸರಿಯಾಗಿದೆಯೇ ಎಂದು ತುದಿಯವರೆಗೂ ಬೆರಳಾಡಿಸಿ ನೋಡಿದಳು. ಆಮೇಲೆ ಬೀದಿ ದಾಟಿ ನಮ್ಮ ಜಗಲಿಗೆ ಬಂದು, ನನ್ನ ಮುಂದೆ ತಲೆ ಬಗ್ಗಿಸಿ ನಿಂತಳು.

ಅವಳ ಹಿಂದೆಯೇ ಬಂದ ಅವ್ವ ಚಾಚಿದ ತಟ್ಟೆಯಿಂದ ನಾನು ಕಾಳು ತೆಗೆದುಕೊಂಡೆ. ಎಸೆಯಲಿಲ್ಲ. ಹತ್ತಿರ ಹೋಗಿ ಅವಳ ಬೈತಲೆಯ ಮೇಲೆ ಇಟ್ಟೆ.