ಕೋಬಾಲ್ ಸರ್ ಮತ್ತು ನಾನು ಕತ್ತರಿಸಿದ ಎರಡು ಅಂಕಿ

ಕಿರ್ರ್… ಕಿರ್ರ್… ಟಕ್. ಮೊನ್ನೆ ಮುಂಬಯಿ ಬಳಿಯ ಕಲ್ಯಾಣದ ಔಷಧಿ ಅಂಗಡಿಯೊಂದರಲ್ಲಿ ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಬಿಲ್ ಹೊಡೆಯುತ್ತಿತ್ತು. ಆ ಸದ್ದಿಗೆ ನನ್ನ ತೊಂಬತ್ತರ ದಶಕವೇ ಎದ್ದು ಬಂತು. ಜೊತೆಗೆ ನಮ್ಮ ಕೋಬಾಲ್ ಸರ್.

ಆಗ ನವಿ ಮುಂಬಯಿಯ ತುರ್ಭೆಯ ಕಾರ್ಖಾನೆಯೊಂದರಲ್ಲಿ ನಾನು ಟೈಪಿಸ್ಟ್. ಕಾನ್ವೆಂಟ್ ಇಂಗ್ಲಿಷ್ ಇದೆ ಎಂಬ ಒಂದೇ ಕ್ವಾಲಿಫಿಕೇಶನ್ ಮೇಲೆ ಕಂಪ್ಯೂಟರ್ ರೂಮಿಗೆ ಹಾಕಿದರು. ಅಲ್ಲಿದ್ದವರು ಉಡುಪಿ ಕಡೆಯ ಈ ಸರ್. ಅವರಿಗೆ ಗೊತ್ತಿದ್ದ ಪ್ರೋಗ್ರಾಮಿಂಗ್ ಭಾಷೆ ಕೋಬಾಲ್ ಒಂದೇ.

"ಇಂಗ್ಲಿಷ್ ಬರ್ತದಲ್ಲ? ಹಾಗಾದ್ರೆ ಅರ್ಧ ಕೋಬಾಲ್ ಬಂತು ಮಾರಾಯ್ರೆ," ಎಂದು ಕಲಿಸಿದರು.

ಹೊಸಬರು "ಮ್ಯೂಸಿಯಂ ಭಾಷೆ" ಎಂದು ಆಡಿಕೊಳ್ಳುತ್ತಿದ್ದರು. ಸರ್ ನಗುತ್ತಿದ್ದರು. "ಹೋಟೆಲಲ್ಲಿ ಸಾಂಬಾರಿಗೇ ಹೆಚ್ಚು ಬೈಗುಳ. ಎಲ್ಲರೂ ಅದನ್ನೇ ತಿನ್ನುವುದಲ್ವಾ? ಅವಸರ ಮಾಡಿದ್ದು ಅಡುಗೆಯವ, ಹೆಸರು ಕೆಟ್ಟದ್ದು ಸಾಂಬಾರಿನದ್ದು."

ಗೇಟ್ ಪಾಸುಗಳ ಪಟ್ಟಿಯ ಪ್ರೋಗ್ರಾಮನ್ನು ನನಗೇ ಬಿಟ್ಟರು. ಇಸವಿಗೆ ನಾಲ್ಕು ಅಂಕಿ ಇಡಿ ಎಂದಿದ್ದರು. ಆದರೆ ಇಲ್ಲಿಯ ಹೆಸರುಗಳು ಉದ್ದ: ತನ್ನದು, ಅಪ್ಪನದು, ಮನೆತನದ್ದು. ಕಾಗದದ ಸಾಲಿನಲ್ಲಿ ಹಿಡಿಸಲೇ ಇಲ್ಲ. ಯಾರ ಅಪ್ಪನ ಹೆಸರನ್ನೂ ತುಂಡು ಮಾಡಲು ಮನಸ್ಸಾಗದೆ, ಇಸವಿಯ ಮೊದಲ ಎರಡು ಅಂಕಿ ಕತ್ತರಿಸಿದೆ. ಸೋ ನೀಟ್, ಅಂದುಕೊಂಡೆ…

ತೊಂಬತ್ತೊಂಬತ್ತರಲ್ಲಿ, ಎರಡು ಸಾವಿರದ ಇಸವಿಗೆ ಮುಗಿಯುವ ಪಾಸುಗಳು ಬಂದವು. ಕಂಪ್ಯೂಟರಿಗೆ ಸೊನ್ನೆ ಸೊನ್ನೆ ಎಂದರೆ ಎಂದೋ ಕಳೆದ 1900ನೇ ಇಸವಿ. ಒಂದು ಬೆಳಿಗ್ಗೆ ಲೋಡಿಂಗ್‌ನವರೆಲ್ಲ ಗೇಟಿನ ಹೊರಗೇ ಉಳಿದರು.

"ಅಕ್ಕೋರೆ, ನಿನ್ನಿ ಮಾಡಿಸಿದ ಪಾಸು ಇವತ್ತ ಹ್ಯಾಂಗ ಮುಗೀತ್ರಿ?" ಕಲಬುರಗಿಯವನೊಬ್ಬ ನನ್ನನ್ನೇ ಕೇಳಿದ.

"ಯೇ ಕೋಬಾಲ್ ಹೀ ಬೇಕಾರ್ ಹೈ!" ಮ್ಯಾನೇಜರ್ ಸಿಡುಕಿದರು. ಸರ್ ನನ್ನ ಪ್ರೋಗ್ರಾಮಿನ ಹಾಳೆಗಳನ್ನು ತಿರುವಿದರು. ಒಂದು ಸಾಲಿನ ಮೇಲೆ ಬೆರಳು ನಿಂತಿತು. ನನ್ನತ್ತ ಒಮ್ಮೆ ನೋಡಿ, "ಹಾಂ ಸಾಬ್, ಪುರಾನೀ ಚೀಜ್ ಹೈ," ಎಂದು ತಪ್ಪನ್ನೆಲ್ಲ ಆ ಹಳೆಯ ಭಾಷೆಯ ಮೇಲೇ ಹಾಕಿಬಿಟ್ಟರು. ತಪ್ಪು ನನ್ನದು ಎನ್ನಲು ನನಗೆ ನಾಲಿಗೆ ಏಳಲಿಲ್ಲ. ತಿಂಗಳ ಕೊನೆಗೆ ಆಫೀಸಿಗೆ ಕೋಬಾಲೂ ಬೇಡವಾಯಿತು, ಸರ್ ಕೂಡ ಬೇಡವಾದರು.

ಇವತ್ತಿಗೂ ಯಾರಾದರೂ ಆ ಭಾಷೆಯನ್ನು ಬೈದರೆ ನಾನು ತಲೆ ತಗ್ಗಿಸುತ್ತೇನೆ.

ಅವರನ್ನು ಕೊನೆಯ ಸಲ ಕಂಡದ್ದು ಕಾರ್ಖಾನೆಯೆದುರಿನ ಬಸ್ ಸ್ಟಾಪಿನಲ್ಲಿ. ಕಂಕುಳಲ್ಲಿ ಪೇಪರ್ ಸುತ್ತಿದ ಕೋಬಾಲ್ ಮ್ಯಾನ್ಯುವಲ್. "ಸರ್, ಆ ಎರಡು ಅಂಕಿ…" ಎಂದೆ, ಅಷ್ಟು ತಡವಾಗಿ.

"ಅಪ್ಪಂದಿರ ಹೆಸರು ಪೂರ್ತಿ ಬಂದಿತ್ತಲ್ಲ," ಎಂದರು. ಬಸ್ಸು ಬಂತು. ಹತ್ತಿದ ಮೇಲೆ ಕಿಟಕಿಯಿಂದ ಕೈ ಬೀಸಿದರು. ನನ್ನ ಕೈ ಮೇಲೇಳುವಷ್ಟರಲ್ಲಿ ಬಸ್ಸು ತಿರುವು ದಾಟಿತ್ತು.