ಕಾಂದಾ ಸಾಹೇಬರ ಒಂದು ತಪ್ಪು

ನಾವು ವಲಸೆ ಬಂದು ನೆಲೆಸಿದ ಪರದೇಶದ ಊರು ಹೆಂಡರ್ಸನ್ನಿನ ನಮ್ಮ ಬೀದಿಯ ಗಟ್ಟಿ ನೆಲದ ಮೇಲೂ ಕಾಂದಾ ಸಾಹೇಬರು ಹಡಗಿನ ಮೇಲಿದ್ದವರಂತೆ ಕಾಲಗಲಿಸಿ ನಿಲ್ಲುತ್ತಿದ್ದರು. ಜಪಾನಿನ ನೌಕಾದಳದ ಅಧಿಕಾರಿ. ನಿವೃತ್ತರಾಗಿ ಮಗಳ ಹತ್ತಿರ ಬಂದವರು ಈ ದೇಶದ ಪ್ರಜೆಯೇ ಆಗಿಬಿಟ್ಟಿದ್ದರು. ಎಪ್ಪತ್ತು ಸಮೀಪಿಸಿದ್ದರೂ ಹೊಟ್ಟೆ ಅನ್ನುವುದೇ ಇರಲಿಲ್ಲ. ನಲವತ್ತಕ್ಕೇ ಬೆಲ್ಟಿನ ಕೊನೆಯ ತೂತಿಗೆ ಬಂದಿದ್ದ ನನಗೆ ಅವರನ್ನು ಕಂಡರಾಗದಿರಲು ಅಷ್ಟೇ ಸಾಕಿತ್ತು.

ಅದರ ಮೇಲೆ ನಮ್ಮವ್ವ. ೨೦೧೨ರ ಸುಮಾರಿಗೆ ಚಿಕ್ಕೋಡಿಯಿಂದ ನಮ್ಮಲ್ಲಿಗೆ ಬಂದಳು. ಅಲ್ಲಿ ಈರುಳ್ಳಿಗೆ ಉಳ್ಳಾಗಡ್ಡಿ ಅಂತಲೂ ಕಾಂದಾ ಅಂತಲೂ ಅನ್ನುತ್ತಾರೆ. ಪಕ್ಕದ ಮನೆಯವರ ಹೆಸರು ಕೇಳಿ ಸೆರಗು ಬಾಯಿಗಿಟ್ಟು ನಕ್ಕಳು. ಅವರು ಕಾರಣ ಕೇಳಿದರು, ನಾನು ನಾಚುತ್ತಲೇ ಹೇಳಿದೆ. ಮರುದಿನ ತಮ್ಮ ಹಿತ್ತಲಿನ ಉಳ್ಳಾಗಡ್ಡಿ ತಂದು ಅವಳ ಕೈಗಿಟ್ಟು, ತಮ್ಮ ಎದೆ ಮುಟ್ಟಿ ತೋರಿಸಿದರು. ಅಲ್ಲಿಗೆ ನಮ್ಮ ಮನೆ ಅವರ ವಶವಾಯಿತು.

ಹೊರಡುವಾಗ ಬೈ ಎಂದವರನ್ನು ಅವ್ವ ತಡೆದಳು. “ಹಂಗ ಹೋಗಬಾರದ್ರಿ. ಹೋಗಿ ಬರ್ತೇನಿ ಅನಬೇಕು.”

ನಾನು ಅರ್ಥ ಹೇಳಿದೆ. ಅವರ ಭಾಷೆಯಲ್ಲೂ ಮನೆ ಬಿಡುವಾಗ ಹೀಗೇ ಅನ್ನುತ್ತಾರಂತೆ. ಈಗ ತೀರಿಹೋಗಿರುವ ಹೆಂಡತಿ, ಅವರು ಸಮುದ್ರಕ್ಕೆ ಹೊರಟಾಗಲೆಲ್ಲ ಈ ಮಾತು ಕೇಳಲೆಂದೇ ಬಾಗಿಲಲ್ಲಿ ನಿಲ್ಲುತ್ತಿದ್ದಳಂತೆ. ಅಂದಿನಿಂದ ಗೇಟು ದಾಟುವಾಗಲೆಲ್ಲ “ಹೋಗಿ ಬರ್ತೇನ್ರಿ ಅವ್ವಾ” ಎಂದು ತಲೆಬಾಗಿಸುವರು. “ಹೋಗಿ ಬರ್ರಿ” ಎಂದು ಅವ್ವ ಅರಳುವಳು. ಇಲ್ಲೇ ಹುಟ್ಟಿದ ನನ್ನ ಮಗಳ ಕನ್ನಡವೋ, ‘ಬೈ ಅಜ್ಜಿ’ಯಿಂದ ಮುಂದೆ ಹೋಗಿರಲಿಲ್ಲ.

ನಮ್ಮ ಬಡಾವಣೆಯ ಆಡಳಿತ ನೋಡಿಕೊಳ್ಳುವ ಸ್ಥಳೀಯ ಬೋರ್ಡಿನ ಒಂದು ಸೀಟು ಖಾಲಿಯಾದಾಗ ನಾನು ಚುನಾವಣೆಗೆ ನಿಂತೆ. ಕಾಂದಾ ಸಾಹೇಬರೂ ನಿಂತರು. ಕನ್ನಡದವರ ಮತವೆಲ್ಲ ನನ್ನ ಜೇಬಿನಲ್ಲೇ ಇದೆ ಎಂದು ನಾನು ಆರಾಮಾಗಿದ್ದೆ. ಅವರು ನಮ್ಮವರ ಮನೆಮನೆಗೂ ಹೋಗಿ, ಒಡೆದ ಫುಟ್‌ಪಾತಿನ ಬಗ್ಗೆ, ಪಾರ್ಕಿನ ದೀಪದ ಬಗ್ಗೆ ಕೇಳಿಕೊಂಡು, ಹೊರಡುವಾಗ “ಹೋಗಿ ಬರ್ತೇನ್ರಿ” ಅಂದರು. ಅಂದಂತೆ ತಿರುಗಿ ಬಂದರು ಕೂಡ. ನಾನು ಸೋತೆ.

ಇಲ್ಲಿ ಕಾಯಂ ನೆಲೆಸಿದವರಿಗೂ ಮತವುಂಟು, ಮತಪತ್ರ ಅಂಚೆಯಲ್ಲಿ ಮನೆಗೇ ಬರುತ್ತದೆ. ಅವ್ವ ಅದನ್ನು ನನ್ನ ಊಟದ ಮೇಜಿನ ಮೇಲೇ ತುಂಬಿದ್ದಳು. ಯಾರಿಗೆ ಹಾಕಿದಿ ಎಂದು ಕೇಳಿದೆ.

“ಅವರಿಗೇ. ನೀ ಕೇಳಾಕ ಬಂದೇ ಇಲ್ಲಲ್ಲೋ.”

ಮುಂದೆ ಅವರು ಬೋರ್ಡಿನ ಅಧ್ಯಕ್ಷರೂ ಆದರು. ಬಡಾವಣೆಯ ಪತ್ರಿಕೆಯಲ್ಲಿ ಅವರ ಫೋಟೋ ಬಂದ ವಾರ ನಾನು ಆ ಪತ್ರಿಕೆಯ ಮೇಲೆ ಶೂ ಪಾಲಿಶ್ ಮಾಡಿದೆ. ಈ ಮನುಷ್ಯ ಒಮ್ಮೆಯಾದರೂ ತಪ್ಪಬಾರದೇ ಎಂದು ವರ್ಷಗಟ್ಟಲೆ ಕಾದೆ.

ಅದೂ ಆಯಿತು. ಅವರನ್ನು ಆಸ್ಪತ್ರೆಗೆ ಕರೆದೊಯ್ಯಲು ಅವರ ಮಗಳು ಕಾರು ತಂದು ನಿಲ್ಲಿಸಿದ್ದಳು. ಸೊರಗಿದ ಮೈಮೇಲೆ ಅಂಗಿ ಜೋಲುತ್ತಿತ್ತು, ಕಾಲಗಲಿಸಿ ನಿಲ್ಲುವ ಸಾಹೇಬರು ನಮ್ಮ ಗೇಟು ಹಿಡಿದು ನಿಂತಿದ್ದರು. ಅವ್ವನಿಗೆ ತಲೆಬಾಗಿಸಿ ಅಂದರು: “ಹೋಗ್ತೇನ್ರಿ ಅವ್ವಾ.”

ಕೊನೆಗೂ ಸಿಕ್ಕರು. ಹಾಗನ್ನಬಾರದು, ಹೋಗಿ ಬರ್ತೇನಿ ಅನ್ನಬೇಕು ಎಂದು ನಾನು ಖುಷಿಯಿಂದಲೇ ತಿದ್ದಿದೆ.

ಅವರು ನನ್ನ ಭುಜ ತಟ್ಟಿ, ಗೊತ್ತು ಎಂದು ಇಂಗ್ಲಿಷಿನಲ್ಲಿ ಹೇಳಿ, ಮತ್ತೆ ಅವಳ ಕಡೆ ತಿರುಗಿದರು. “ಹೋಗ್ತೇನ್ರಿ.”

ಅವ್ವ ಗೇಟಿನ ಮೇಲಿದ್ದ ಅವರ ಕೈ ಹಿಡಿದುಕೊಂಡಳು. “ಹೋಗಿ ಬರ್ರಿ,” ಅಂದಳು. ಅವರು ಬರಲಿಲ್ಲ.

ಈಗ ದಿನಾ ಕೆಲಸಕ್ಕೆ ಹೊರಡುವಾಗ ಬಾಗಿಲಲ್ಲಿ ನಿಂತು, ಹೋಗಿ ಬರ್ತೇನಿ ಎಂದು ಗಟ್ಟಿಯಾಗಿ ಹೇಳುತ್ತೇನೆ. ಹೋಗಿ ಬಾ ಅನ್ನುತ್ತಾಳೆ ಅವ್ವ, ಪಕ್ಕದ ಮನೆಯ ಗೇಟು ನೋಡುತ್ತ.